ಬಣ್ಣ ನೋಡಿ ನಾಟಿ ಮೊಟ್ಟೆ ಅನ್ನಬೇಡಿ

ಕಳೆದ ತಿಂಗಳು ಜಗಳೂರು ಸಂತೆಗೆ 30 ಮೊಟ್ಟೆ ಒಯ್ದಿದ್ದೆ. ಎಲ್ಲವೂ ನಮ್ಮ ಹಿತ್ತಲ ಕೋಳಿಗಳವೇ. ಕೊಳ್ಳುವಾತ ಕಂದು ಬಣ್ಣದ 19 ಮೊಟ್ಟೆ ಆರಿಸಿಕೊಂಡು ನಾಟಿ ರೇಟು ಕೊಟ್ಟ. ಉಳಿದ 11ನ್ನು "ಇವು ಫಾರಂ ಮೊಟ್ಟೆ ಇದ್ದಂಗೆ ಐತಲ್ಲಣ್ಣ" ಅಂತ ಪಕ್ಕಕ್ಕೆ ಸರಿಸಿದ. ತಮಾಷೆ ಏನೆಂದರೆ, ಆ ಬೆಳ್ಳನೆಯವೇ ನಮ್ಮ ಅಪ್ಪಟ ನಾಟಿ ಕೋಳಿಗಳದ್ದು. ಕಂದು ಮೊಟ್ಟೆ ಇಟ್ಟದ್ದು ಗಿರಿರಾಜ ಬೆರಕೆ ಹ್ಯಾಟೆಗಳು!

ಇದರಲ್ಲಿ ಆತನ ತಪ್ಪೊಂದೇ ಅಲ್ಲ. 'ಕಂದು ಅಂದ್ರೆ ನಾಟಿ, ಬಿಳಿ ಅಂದ್ರೆ ಫಾರಂ' ಅಂತ ಜನಕ್ಕೆ ಕಲಿಸಿದವರಲ್ಲಿ ನಾವೂ ಇದ್ದೇವೆ.

ಗಿರಿರಾಜ ತಳಿ ಬಂದದ್ದು 1989ರಲ್ಲಿ, ಬೆಂಗಳೂರಿನ ಹೆಬ್ಬಾಳದಿಂದ. ಮೈ ತೂಕ ಜಾಸ್ತಿ, ಮೊಟ್ಟೆ ಕಂದು. ಆದರೆ ಕಾವಿಗೆ ಕೂರುವ ಗುಣ ಇಲ್ಲ. ಹಾಗಾಗಿ ನಾನು ಒಂದು ಗಿರಿರಾಜ ಹುಂಜ ಮಾತ್ರ ತಂದು ನಾಟಿ ಕೋಳಿಗಳ ಜೊತೆ ಬಿಟ್ಟೆ. ಹುಟ್ಟುವ ಹ್ಯಾಟೆಗಳೆಲ್ಲ ಕಂದು ಮೊಟ್ಟೆ ಇಡುತ್ತವೆ ಅಂದುಕೊಂಡಿದ್ದೆ. ಒಂದೇ ತಾಯಿಯ 9 ಹ್ಯಾಟೆಗಳ ಲೆಕ್ಕ ಪುಸ್ತಕದಲ್ಲಿ ಬರೆದಿಟ್ಟೆ. 4 ಕಂದು, 3 ತಿಳಿಗಂದು, 2 ಕೆನೆಬಣ್ಣ. ಒಂದೇ ಗೂಡು, ಒಂದೇ ಮೇವು, ಮೂರು ಬಣ್ಣ.

ಕಾರಣ ಸರಳ. ಕಂದು ಬಣ್ಣ ಒಂದೇ ಗುಣದಿಂದ ಬರುವುದಲ್ಲ. ಅನೇಕ ಗುಣಗಳು ಸೇರಿ ಗಾಢ ಅಥವಾ ತಿಳಿ ಮಾಡುತ್ತವೆ. ಬಿಳಿ ಲೆಗಾರ್ನ್ ತಳಿಗೂ ಕಂದು ಮೊಟ್ಟೆಯ ತಳಿಗೂ ಬೆರಕೆ ಮಾಡಿದರೆ ಸಾಮಾನ್ಯವಾಗಿ ನಡುವಿನ ಬಣ್ಣ ಬರುತ್ತದೆ. ಮುಂದಿನ ಪೀಳಿಗೆಗೆ ಎಲ್ಲಾ ಚೆಲ್ಲಾಪಿಲ್ಲಿ. ಗಿರಿರಾಜವೇ ಹಲವು ತಳಿ ಸೇರಿಸಿ ಮಾಡಿದ್ದು. ಅದರ ಮಕ್ಕಳಲ್ಲಿ ಒಂದೇ ಬಣ್ಣ ಬಯಸುವುದು ನಮ್ಮ ತಪ್ಪು.

ಇನ್ನೊಂದು ಮಾತು ನಾವು ಮರೆಯುತ್ತೇವೆ. ಹುಂಜ ಮೊಟ್ಟೆ ಇಡುವುದಿಲ್ಲ, ಆದರೆ ಮಗಳ ಮೊಟ್ಟೆಯ ಬಣ್ಣದಲ್ಲಿ ಅದರ ಪಾಲು ಹೆಚ್ಚುಕಡಿಮೆ ಅರ್ಧ. ಹುಂಜ ಆರಿಸುವಾಗ ಅದರ ತಾಯಿ ಎಂಥಾ ಮೊಟ್ಟೆ ಇಡುತ್ತಿತ್ತು ಅಂತ ಕೇಳಿ. ಪುಕ್ಕದ ಬಣ್ಣ ನೋಡಿ ಪ್ರಯೋಜನ ಇಲ್ಲ. ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕ್‌ನಾಥ್ ಮೈಯೆಲ್ಲ ಕಪ್ಪು, ಮೊಟ್ಟೆ ಮಾತ್ರ ಕೆನೆ ಇಲ್ಲವೆ ತಿಳಿಗಂದು. ಕಿವಿ ಕೆಳಗಿನ ತೊಗಲು ಬಿಳಿಯಿದ್ದರೆ ಬಿಳಿ ಮೊಟ್ಟೆ, ಕೆಂಪಿದ್ದರೆ ಕಂದು ಅನ್ನುವ ಲೆಕ್ಕ ಶುದ್ಧ ತಳಿಗಳಲ್ಲಿ ಬಹುಮಟ್ಟಿಗೆ ಸರಿ. ಬೆರಕೆಯಲ್ಲಿ ನಂಬುವಂತಿಲ್ಲ.

ಗ್ಯಾರಂಟಿ ಹೇಳಬಹುದಾದದ್ದು ನೀಲಿ ಮೊಟ್ಟೆ ಒಂದೇ. ದಕ್ಷಿಣ ಅಮೆರಿಕದ ಚಿಲಿ ದೇಶದ ಅರೌಕಾನಾ ಕೋಳಿಯದು ಆ ಗುಣ. ಅದು ಒಂದೇ ಗುಣದಿಂದ ಬರುತ್ತದೆ, ತಂದೆತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು ಎಂದು ಪನೆಟ್ ಎಂಬ ವಿಜ್ಞಾನಿ 1933ರಲ್ಲೇ ತೋರಿಸಿದ್ದರು. ನೀಲಿ ಚಿಪ್ಪಿನ ಒಳಗೂ ಹೊರಗೂ ಇರುತ್ತದೆ. ಕಂದು ಹಾಗಲ್ಲ. ಮೊಟ್ಟೆ ಹೊರಬರುವ ಮುಂಚೆ ಕೊನೆಯ ಕೆಲವು ಗಂಟೆಗಳಲ್ಲಿ ಚಿಪ್ಪಿನ ಮೇಲೆ ಬಳಿದಂತೆ ಕೂರುತ್ತದೆ. ಒಡೆದು ಒಳಗೆ ನೋಡಿ, ಬೆಳ್ಳಗಿರುತ್ತದೆ.

ಅದಕ್ಕೇ ಒಂದೇ ಕೋಳಿಯ ಕಂದು ಬಣ್ಣವೂ ಸ್ವಲ್ಪ ಏರಿಳಿಯುತ್ತದೆ. ಇಡಲು ಶುರುಮಾಡಿದಾಗ ಗಾಢ, ತಿಂಗಳುಗಳು ಕಳೆದಂತೆ ತಿಳಿ. ನಾಯಿ ಅಟ್ಟಿಸಿದರೂ, ಬಿಸಿಲು ಬಡಿದರೂ ಬಣ್ಣ ಪೇಲವವಾಗಬಹುದು. ಗೂಡಿನ ಹಲವು ಕೋಳಿಗಳ ಮೊಟ್ಟೆ ಒಮ್ಮೆಗೇ ಬಿಳಿಚಿಕೊಂಡು, ಚಿಪ್ಪು ತೆಳುವಾದರೆ ಕೊಕ್ಕರೆ ರೋಗದ ಅನುಮಾನ ಇರಲಿ. ತಕ್ಷಣ ಪಶುವೈದ್ಯರಿಗೆ ತೋರಿಸಿ. ನಿಜವಾಗಿ ಬಣ್ಣ ನೋಡಿ ಕಲಿಯಬೇಕಾದ್ದು ಇದು!

ಸತ್ವಕ್ಕೂ ಚಿಪ್ಪಿನ ಬಣ್ಣಕ್ಕೂ ಸಂಬಂಧ ಇಲ್ಲ. ಹಳದಿ ಲೋಳೆ ಗಾಢವಾಗುವುದು ಮೇವಿನಿಂದ. ನಮ್ಮ ಸೀಮೆಯ ಮೆಕ್ಕೆಜೋಳ, ಹಸಿರು ಸೊಪ್ಪು ತಿಂದ ಕೋಳಿಯಲ್ಲಿ ಅದು ತಾನಾಗಿ ಬರುತ್ತದೆ.

ಬಣ್ಣಕ್ಕೇ ದುಡ್ಡು ಅಂತಾದರೆ ನಷ್ಟ ಯಾರಿಗೆ? ಪಂಜರದಲ್ಲೂ ಕಂದು ಮೊಟ್ಟೆ ಇಡುವ ಫಾರಂ ಕೋಳಿ ಇವೆ. ಬಿಳಿ ಮೊಟ್ಟೆಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಮಾರಿದ ಸುದ್ದಿಯನ್ನೂ ಓದಿದ್ದೇವೆ. ಆ ಆಟದಲ್ಲಿ ನಾವು ಗೆಲ್ಲುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಬಿಳಿ ಇಡುತ್ತದೆ ಅಂತ ಕಾವಿಗೆ ಕೂರುವ ಒಳ್ಳೆ ನಾಟಿ ಕೋಳಿಯನ್ನೇ ನಾವು ಸಾರಿಗೆ ಹಾಕಿಬಿಡುತ್ತೇವೆ. ಆಮೇಲೆ ಮರಿ ಮಾಡಿಸುವವರು ಯಾರು?

ನಾನು ಈಗ ಮೊಟ್ಟೆ ಮೇಲೆ ಪೆನ್ಸಿಲಿನಲ್ಲಿ ಇಟ್ಟ ತಾರೀಕು ಬರೆಯುತ್ತೇನೆ. ಬೆರಕೆಯದನ್ನು ಬೆರಕೆ ಅಂತಲೇ ಹೇಳಿ ಮಾರುತ್ತೇನೆ. ಊರಿನ 6 ಮನೆಯವರು ಬಣ್ಣ ಕೇಳದೆ ಒಂದೇ ರೇಟಿಗೆ ಒಯ್ಯುತ್ತಿದ್ದಾರೆ. ಸಣ್ಣ ವ್ಯಾಪಾರ ನಿಜ, ಆದರೆ ನಂಬಿಕೆಯದು. ನಿಮ್ಮ ಹಿತ್ತಲಲ್ಲೂ ಯಾವ ಹುಂಜ, ಯಾವ ತಾಯಿ, ಮಗಳ ಮೊಟ್ಟೆ ಯಾವ ಬಣ್ಣ ಅಂತ ಒಂದು ವರ್ಷ ಬರೆದಿಡಿ. ನಿಮ್ಮ ಲೆಕ್ಕ ನನ್ನದಕ್ಕಿಂತ ಬೇರೆಯಾದರೆ ಪತ್ರಿಕೆಗೆ ಖಂಡಿತ ಬರೆಯಿರಿ.