"ಏನಿಲ್ಲ ಬಿಡು" ಅನ್ನೂದು ಬಿಡ್ರಿ

ಹೋದ ವಾರ ಕುಬಸದ ಮನ್ಯಾಗ ಏನೋ ಚಾಷ್ಟಿ ಆತು, ಎಲ್ಲಾರೂ ಬಿದ್ದು ಬಿದ್ದು ನಕ್ವಿ. ನನ್ನ ಮೊಮ್ಮಗಳು ಎಂಟು ವರ್ಷದಾಕಿ, ಎರಡೂ ಕಿವಿಗೆ ಮಶೀನು. ಸೆರಗು ಜಗ್ಗಿ "ಏನಾತು ಅಜ್ಜಿ?" ಅಂದ್ಲು. "ಏನಿಲ್ಲ ಬಿಡು, ಆಮ್ಯಾಲೆ ಹೇಳ್ತೀನಿ" ಅಂದೆ. ಹೇಳಲೇ ಇಲ್ಲ. ಅಕಿ ಮೂಲ್ಯಾಗ ಹೋಗಿ ಒಬ್ಬಾಕಿನ ಕೂತ್ಲು. ತಪ್ಪು ನಂದು. ಆದ್ರ ನಂದೊಬ್ಬಾಕಿದಲ್ಲ.

"ಮಶೀನು ಹಾಕೀರಲ್ಲ, ಇನ್ನೇನು?" ಅಂತೀರಿ. ಅದೇನು ಚಾಳೀಸಲ್ರಿ, ಹಾಕಿದ ಕೂಡ್ಲೆ ಎಲ್ಲಾ ಸ್ವಚ್ಛ ಆಗ್ಲಿಕ್ಕೆ. ಮಾತಿನ ಜೋಡಿ ಫ್ಯಾನು, ಪಾತ್ರಿ, ಮಂದಿ ಗದ್ದಲಾನೂ ದೊಡ್ಡದು ಮಾಡ್ತದ. ತುಟಿ ನೋಡಿ ತಿಳ್ಕೋಬೇಕಂತೀರಿ? ಕನ್ನಡಿ ಮುಂದ ನಿಂತು ದನಿ ತಗೀದಂಗ "ಪರ, ಬರ, ಮರ" ಅನ್ರಿ. ಮೂರಕ್ಕೂ ತುಟಿ ಒಂದ!

ಸಾಲ್ಯಾಗೂ ಹಿಂಗ. ಬೋರ್ಡಿಗೆ ಮುಖಾ ಮಾಡಿ ಪಾಠ ಹೇಳಿದ್ರ ಅಕಿ ಪಾಲಿಗೆ ಪಾಠ ಆಗೇ ಇಲ್ಲ. ಮುಂದಿನ ಬೆಂಚು ಕೇಳಿದ್ರ ಉಪಕಾರ ಮಾಡಿದಂಗ ನೋಡ್ತಾರ. ಉಪಕಾರ ಅಲ್ರಿ ಅದು, ಹಕ್ಕು. ಕಿವಿ ಕೇಳದ ಮಕ್ಕಳಿಗೆ ಅವರಿಗೆ ತಕ್ಕ ಭಾಷಾದಾಗ, ತಕ್ಕ ರೀತಿಯೊಳಗ ಕಲಿಸಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆದಾಗ ಅದ.

ಇನ್ನ ಕೈಸನ್ನಿ ಮಾಡಿದ್ರ "ಕೈ ಇಳಸು, ಮಂದಿ ನೋಡ್ತಾರ" ಅನಬ್ಯಾಡ್ರಿ. ಸನ್ನಿ ಭಾಷಾನೂ ಭಾಷಾನ.

"ಪಾಪ" ಅನ್ನೂದು ಸಾಕು. ಚೀರಬ್ಯಾಡ್ರಿ. ಮುಖಾ ಕೊಟ್ಟು, ಒಬ್ಬೊಬ್ಬರ ಮಾತಾಡ್ರಿ. ತಿಳೀಲಿಲ್ಲಂದ್ರ ಬ್ಯಾರೆ ಮಾತಿನಾಗ ಹೇಳ್ರಿ. ಚಾಷ್ಟಿ ತಂಗಳಾದ್ರೂ ಹೇಳ್ರಿ. ತಡಾ ಆಗಿ ನಕ್ಕರೂ ನಮ್ಮ ಜೋಡಿನ ನಕ್ಕಂಗ ಆಗ್ತದ.