ನೀಲಿ ಜ್ವಾಲೆಗೆ ಎರಡು ಅಂಕ



ಕೆಲವು ವರ್ಷಗಳ ಹಿಂದೆ ಮೂಡಲಗಿ ಭಾಗದ ನನ್ನ ಹಳೆಯ ವಿದ್ಯಾರ್ಥಿಗಳು ಗುರುವಂದನಾ ಕಾರ್ಯಕ್ರಮ ಏರ್ಪಡಿಸಿದ್ದರು. ಹಾರ, ಶಾಲು, ಭಾಷಣಗಳೆಲ್ಲ ಮುಗಿದು ಊಟಕ್ಕೆ ಏಳುವ ಹೊತ್ತಿಗೆ ಒಬ್ಬ ಹತ್ತಿರ ಬಂದು ಕಾಲಿಗೆರಗಿದ. ಅವನ ಎರಡೂ ಮುಂಗೈಗಳ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು. ಏನಾಯಿತಪ್ಪಾ ಎಂದು ಕೇಳಿದೆ. ಸಕ್ಕರೆ ಕಾರ್ಖಾನೆಯೊಂದರ ಗಂಧಕದ ಗೋದಾಮಿನಲ್ಲಿ ಚೀಲ ಹೊರುವ ಕೆಲಸದಲ್ಲಿದ್ದನಂತೆ. ನೆಲದಲ್ಲಿ ಚೆಲ್ಲಿದ್ದ ಗಂಧಕಕ್ಕೆ ಯಾರದೋ ಬೀಡಿಯ ಕಿಡಿ ತಗುಲಿತ್ತು. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ಒಳಗೆ ಬಿದ್ದಿತ್ತು. ಬೆಂಕಿ ಇರುವುದು ಕಾಣದೆ ಇವನು ಚೀಲ ಎತ್ತಲು ಬಗ್ಗಿ ಕೈಯಿಟ್ಟ. ಜೊತೆಗಾರ ಗಾಬರಿಯಿಂದ ಕೊಡ ನೀರನ್ನು ರಭಸವಾಗಿ ಎರಚಿದ. ಹುಡಿ ಮೇಲೆದ್ದು ಬೆಂಕಿ ಇಮ್ಮಡಿಯಾಯಿತು.

"ಸರ್, ನೀವು ಹೇಳಿದ್ದು ಖರೇ ಐತ್ರಿ, ಜ್ವಾಲಿ ನೀಲಿನೇ ಇತ್ತು. ಆದ್ರ ಹಗಲಿನ್ಯಾಗ ಅದು ಕಾಣಂಗಿಲ್ಲ ಅಂತ ಯಾರೂ ಹೇಳಿರಲಿಲ್ಲ ನೋಡ್ರಿ" ಎಂದು ನಕ್ಕ.

ಆತ ನಗುತ್ತಲೇ ಹೇಳಿದ ಮಾತು ನನಗೆ ಈಟಿಯಂತೆ ನಾಟಿತು. "ಗಂಧಕವು ನೀಲಿ ಜ್ವಾಲೆಯೊಂದಿಗೆ ಉರಿದು ಗಂಧಕದ ಡೈ ಆಕ್ಸೈಡ್ ಅನಿಲವನ್ನು ಕೊಡುತ್ತದೆ" ಎಂದು ಬರೆದವರಿಗೆಲ್ಲ ನಾನು ಎರಡು ಅಂಕ ಕೊಟ್ಟವನು. ಅವನಿಗೂ ಕೊಟ್ಟಿರಬೇಕು. ಆ ಎರಡು ಅಂಕ ಅವನ ಕೈಗಳನ್ನು ಕಾಪಾಡಲಿಲ್ಲ.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು ಕಬ್ಬಿನ ಸೀಮೆ. ಘಟಪ್ರಭೆ, ಹಿರಣ್ಯಕೇಶಿ ನದಿಗಳ ನೀರುಂಡು ಬೆಳೆದ ಕಬ್ಬು ಕಾರ್ಖಾನೆಗೆ ಹೋಗಿ ಬಿಳಿಯ ಸಕ್ಕರೆಯಾಗಬೇಕಾದರೆ ಸಾಮಾನ್ಯವಾಗಿ ಸುಣ್ಣ ಮತ್ತು ಗಂಧಕ ಎರಡೂ ಬೇಕು. ಕುಲುಮೆಯಲ್ಲಿ ಗಂಧಕವನ್ನು ಉರಿಸಿ, ಅದರ ಅನಿಲವನ್ನು ಸುಣ್ಣ ಬೆರೆಸಿದ ರಸದಲ್ಲಿ ಹಾಯಿಸಿ ಕಲ್ಮಶ ತೆಗೆಯುತ್ತಾರೆ. ಆದ್ದರಿಂದ ಗಂಧಕವೆಂಬುದು ನಮ್ಮ ಜನರಿಗೆ ಬರೀ ಪುಸ್ತಕದ ಪದಾರ್ಥವಲ್ಲ, ಹೊಟ್ಟೆಪಾಡಿನ ಪದಾರ್ಥ.

ಆ ದಿನದ ಬಳಿಕ ನಾನು ಒಂದು ಪ್ರಶ್ನೆಯ ಬೆನ್ನು ಹತ್ತಿದೆ. ಒಂದು ಘನ ಪದಾರ್ಥ ಎಷ್ಟು ಅಪಾಯಕಾರಿ ಎಂಬುದನ್ನು ಹೇಗೆ ನಿರ್ಧರಿಸುತ್ತಾರೆ? ವಿಶ್ವಸಂಸ್ಥೆಯ ಪರೀಕ್ಷಾ ಕೈಪಿಡಿಯಲ್ಲಿ ಇದಕ್ಕೊಂದು ವಿಧಾನವಿದೆ. ಅದರ ಸರಳತೆ ಕಂಡು ನಾನು ಬೆರಗಾದೆ. ಪರೀಕ್ಷಿಸಬೇಕಾದ ಹುಡಿಯನ್ನು ತ್ರಿಕೋನಾಕಾರದ ಅಚ್ಚಿನಲ್ಲಿ ತುಂಬಿ 250 ಮಿಲಿಮೀಟರ್ ಉದ್ದ, 20 ಮಿ.ಮೀ. ಅಗಲ, 10 ಮಿ.ಮೀ. ಎತ್ತರದ ಸಾಲು ಮಾಡುತ್ತಾರೆ. ಒಂದು ತುದಿಗೆ ಕನಿಷ್ಠ 1000 ಡಿಗ್ರಿ ಸೆಲ್ಸಿಯಸ್ ತಾಪದ ಜ್ವಾಲೆಯನ್ನು ಹೆಚ್ಚೆಂದರೆ 2 ನಿಮಿಷ ಹಿಡಿಯುತ್ತಾರೆ. ಬೆಂಕಿ ಮುಂದಕ್ಕೆ ಸಾಗದಿದ್ದರೆ ಆ ಪದಾರ್ಥ ಈ ವರ್ಗಕ್ಕೆ ಸೇರದು. ಸಾಗಿದರೆ ಮೊದಲ 80 ಮಿ.ಮೀ. ಬಿಟ್ಟು, ಮುಂದಿನ 100 ಮಿ.ಮೀ. ಉರಿಯಲು ಹಿಡಿಯುವ ಕಾಲವನ್ನು ಅಳೆಯುತ್ತಾರೆ. ಅದು 45 ಸೆಕೆಂಡಿಗಿಂತ ಕಡಿಮೆಯಾದರೆ ಪದಾರ್ಥವು 4.1ನೇ ವರ್ಗಕ್ಕೆ, ಅಂದರೆ ಸುಲಭವಾಗಿ ಹೊತ್ತಿಕೊಳ್ಳುವ ಘನ ಪದಾರ್ಥಗಳ ವರ್ಗಕ್ಕೆ ಸೇರುತ್ತದೆ. ಲೋಹದ ಹುಡಿಗಳಿಗೆ ಮಾತ್ರ ಬೇರೆ ಅಳತೆ. 10 ನಿಮಿಷದೊಳಗೆ ಇಡೀ ಸಾಲು ಉರಿದರೆ ಅವೂ ಈ ವರ್ಗಕ್ಕೆ ಬರುತ್ತವೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು ಹಂತ. ಸಾಲಿನ ಒಂದು ಕಡೆ ಸ್ವಲ್ಪ ಒದ್ದೆ ಮಾಡಿರುತ್ತಾರೆ. ಬೆಂಕಿ ಆ ಒದ್ದೆ ಜಾಗದಲ್ಲಿ ಕನಿಷ್ಠ 4 ನಿಮಿಷ ತಡೆದು ನಿಂತರೆ ಅಪಾಯ ಕಡಿಮೆ, ಅದನ್ನೂ ದಾಟಿ ಹೋದರೆ ಅಪಾಯ ಹೆಚ್ಚು ಎಂದು ಲೆಕ್ಕ. ನಮ್ಮ ರೈತರಿಗೆ ಇದು ಹೊಸದೇನಲ್ಲ. ಕಬ್ಬಿನ ರವದಿಗೆ ಬೆಂಕಿ ಇಡುವ ಮುನ್ನ ಪಕ್ಕದ ಹೊಲದ ಬದುವಿಗೆ ನೀರು ಹಾಯಿಸುತ್ತಾರಲ್ಲ, ಅದೇ ವಿವೇಕ ಇಲ್ಲಿ ಅಳತೆಗೋಲು ಹಿಡಿದು ನಿಂತಿದೆ.

ಈ ವರ್ಗದಲ್ಲಿ ಯಾರು ಯಾರಿದ್ದಾರೆ? ಗಂಧಕವಿದೆ, ಕೆಂಪು ರಂಜಕವಿದೆ, ಬೆಂಕಿಪೊಟ್ಟಣವಿದೆ, ಬಟ್ಟೆಯ ಪೆಟ್ಟಿಗೆಯಲ್ಲಿಡುವ ನ್ಯಾಫ್ತಲೀನ್ ಇದೆ, ಆರತಿಯ ಕರ್ಪೂರವೂ ಇದೆ! ಬಿಳಿಯ ಮೇಲೆ ಏಳು ಕೆಂಪು ಉದ್ದಗೆರೆ, ಮೇಲೊಂದು ಕಪ್ಪು ಜ್ವಾಲೆ, ಕೆಳಗೆ 4 ಎಂಬ ಅಂಕಿ ಇರುವ ವಜ್ರಾಕೃತಿಯ ಚೀಟಿಯನ್ನು ನೀವು ಲಾರಿಗಳ ಮೇಲೆ ನೋಡಿರಬಹುದು. ಅದರ ಅರ್ಥ ಇದೇ.

ಇಲ್ಲಿಗೆ ವಿಜ್ಞಾನಿಯ ಕೆಲಸ ಮುಗಿಯಿತು. ನನ್ನ ತಕರಾರು ಇರುವುದು ಮುಂದಿನದರ ಬಗ್ಗೆ. 1984ರ ಭೋಪಾಲ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವವರಿಗೆ ಆ ಅಪಾಯಗಳನ್ನು ತಿಳಿಸುವುದನ್ನು ಮಾಲೀಕರ ಕರ್ತವ್ಯವನ್ನಾಗಿ ಮಾಡಲಾಯಿತು. 1989ರ ಮೋಟಾರು ವಾಹನ ನಿಯಮಗಳು ಅಪಾಯಕಾರಿ ಸರಕಿನ ಲಾರಿಯ ಮೇಲೆ ಪದಾರ್ಥದ ಹೆಸರು, ವಿಶ್ವಸಂಸ್ಥೆಯ ಸಂಖ್ಯೆ, ವರ್ಗದ ಚೀಟಿ ಇರಬೇಕೆಂದು ವಿಧಿಸಿದವು. ಚಾಲಕನಿಗೆ ತರಬೇತಿಯನ್ನೂ ಬಯಸಿದವು. ಆದರೆ ಚೀಲಕ್ಕೆ ಬೆನ್ನು ಕೊಡುವ ಹಮಾಲನಿಗೆ ಆ ಚೀಟಿಯನ್ನು ಓದಿ ಹೇಳಿದವರಾರು? ಪ್ರಯೋಗಾಲಯದಲ್ಲಿ ಸೆಕೆಂಡು ಸೆಕೆಂಡು ಲೆಕ್ಕ ಹಾಕಿ ಪಡೆದ ಜ್ಞಾನ ಗೋದಾಮಿನ ಬಾಗಿಲಲ್ಲೇ ನಿಂತುಬಿಟ್ಟರೆ ಆ ಪರೀಕ್ಷೆ ಅಪೂರ್ಣ ಎಂದೇ ನನ್ನ ಅಭಿಪ್ರಾಯ.

ಮತ್ತೊಂದು ಸೂಕ್ಷ್ಮ ಇದೆ. ಚೀಟಿ ಇಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. ಗುಳಿಗೆ, ಹರಳು, ಪದರಗಳ ರೂಪಕ್ಕೆ ತಂದ ಗಂಧಕಕ್ಕೆ ವಿಶ್ವಸಂಸ್ಥೆಯ ಸಾಗಣೆ ಶಿಫಾರಸುಗಳಲ್ಲಿ ವಿನಾಯಿತಿ ಇದೆ. ಆದರೆ ಅದೇ ಗುಳಿಗೆ ತುಳಿತಕ್ಕೆ, ಎಳೆದಾಟಕ್ಕೆ ಸಿಕ್ಕು ಪುಡಿಯಾದರೆ ಅದು ಮತ್ತೆ ಹುಡಿಯೇ. ಅಷ್ಟೇಕೆ, ಸಕ್ಕರೆಯನ್ನೇ ನೋಡಿ. ಅದಕ್ಕೆ ಈ ಕೆಂಪು ಗೆರೆಯ ಚೀಟಿ ಇಲ್ಲ. ಆದರೂ 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನ ಸಕ್ಕರೆ ಶುದ್ಧೀಕರಣ ಕಾರ್ಖಾನೆಯಲ್ಲಿ ಗಾಳಿಗೆದ್ದ ಸಕ್ಕರೆಯ ದೂಳೇ ಸ್ಫೋಟಿಸಿ 14 ಜನ ಸತ್ತರು. ನೆಲದ ಮೇಲೆ ಸಾಲಾಗಿ ಮಲಗಿದ ಹುಡಿಯ ಪರೀಕ್ಷೆ ಬೇರೆ, ಗಾಳಿಯಲ್ಲಿ ತೇಲುವ ದೂಳಿನ ಪರೀಕ್ಷೆ ಬೇರೆ. ಪದಾರ್ಥ ಒಂದೇ ಇದ್ದರೂ ರೂಪ ಬದಲಾದಂತೆ ಅದರ ಗುಣವೂ ಬದಲಾಗುತ್ತದೆ. ನಾನು ಪಾಠ ಮಾಡುವಾಗ ಬಿಟ್ಟುಹೋದ ಮಾತು ಇದೇ.

"ಸರ್, ಅವರಿಗೆ ಇದೆಲ್ಲ ಯಾಕೆ? ವರ್ಷಗಟ್ಟಲೆ ಅನುಭವ ಇರುತ್ತದಲ್ಲ" ಎಂದು ಪರಿಚಿತರೊಬ್ಬರು ವಾದಿಸಿದರು. ನೀರು ಎರಚಿದ ಆ ಜೊತೆಗಾರನಿಗೂ ಹತ್ತಾರು ವರ್ಷಗಳ ಅನುಭವವಿತ್ತು. ಆದರೆ ಅದು ಬೆಂಕಿ ಬೀಳದ ದಿನಗಳ ಅನುಭವ. ಬೆಂಕಿಯ ಸ್ವಭಾವವನ್ನು ಅದು ಕಲಿಸಲಾರದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳಿದ್ದು ಇದಕ್ಕೇ.

ಹಾಗಾದರೆ ಮಾಡಬೇಕಾದದ್ದೇನು? ಗೋದಾಮಿನ ಬಾಗಿಲ ಮೇಲೆ ದಪ್ಪ ಅಕ್ಷರಗಳ ನಾಲ್ಕು ಕನ್ನಡ ವಾಕ್ಯಗಳು ಸಾಕು. ಬೀಡಿ, ಬೆಂಕಿಪೊಟ್ಟಣ ಒಳಗೆ ತರಬೇಡಿ. ಚೆಲ್ಲಿದ ಹುಡಿಯನ್ನು ದೂಳೇಳದಂತೆ ತೆಗೆಯಿರಿ. ಹಗಲಿನಲ್ಲಿ ಗಂಧಕದ ಬೆಂಕಿ ಕಾಣದಿರಬಹುದು, ಘಾಟು ಬಂದರೆ ಗಾಳಿ ಬರುವ ದಿಕ್ಕಿಗೆ ಹೊರಗೆ ಓಡಿರಿ. ನೀರನ್ನು ರಭಸವಾಗಿ ಎರಚಬೇಡಿ, ತುಂತುರಾಗಿ ಸಿಂಪಡಿಸಿರಿ. ಓದು ಬಾರದವರಿಗೆ ಬಾಯಿಮಾತಿನಲ್ಲಿ, ಪ್ರತಿ ಹಂಗಾಮಿನ ಮೊದಲ ದಿನವೇ ಹೇಳಬೇಕು.

ಈಗ ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ವಿನಂತಿ. ಪದಾರ್ಥ ಉರಿಯುತ್ತದೆಯೇ ಎಂದು ಕೇಳಿ ನಿಲ್ಲಿಸಬೇಡಿ. ಎಷ್ಟು ಬೇಗ ಉರಿಯುತ್ತದೆ, ಯಾವ ರೂಪದಲ್ಲಿ ಉರಿಯುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳಿರಿ. ಆ ವಜ್ರಾಕೃತಿಯ ಚೀಟಿಯನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿರಿ. ನಿಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತವನು ನಾಳೆ ಯಾವ ಗೋದಾಮಿನ ಚೀಲಕ್ಕೆ ಕೈಯಿಡುವನೋ ಯಾರು ಬಲ್ಲರು?

ಅಂದು ಊಟದ ಪಂಕ್ತಿಯಲ್ಲಿ ಆ ಹುಡುಗ ನನ್ನ ಪಕ್ಕದಲ್ಲೇ ಕುಳಿತಿದ್ದ. ಬಿಗಿದುಕೊಂಡ ಬೆರಳುಗಳಿಂದ ರೊಟ್ಟಿ ಮುರಿಯಲು ಅವನು ಪಡುತ್ತಿದ್ದ ಕಷ್ಟವನ್ನು ನೋಡುತ್ತ ನನಗೆ ತುತ್ತು ಇಳಿಯಲಿಲ್ಲ. ಅವನು ನನ್ನನ್ನು ಎಂದೋ ಕ್ಷಮಿಸಿದ್ದಾನೆ. ಆದರೆ ಎರಡು ಅಂಕದ ಆ ಉತ್ತರದಲ್ಲಿ ನಾನು ಬಿಟ್ಟಿದ್ದ ಅರ್ಧವನ್ನು ಇಂದು ಇಲ್ಲಿ ಬರೆದು ಮುಗಿಸಿದ್ದೇನೆ. ಓದಿದವರು ಇನ್ನೊಬ್ಬರಿಗೆ ಹೇಳಿರಿ.