ಕಟ್ಟಿಬಿಡು, ಗಲಾಟೆ ಯಾಕೆ?

"ಹೋಗಲಿ ಬಿಡು, ಕಟ್ಟಿಬಿಡು, ಗಲಾಟೆ ಯಾಕೆ?" ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹಾಲಿನ ಜೊತೆಗೇ ಕುಡಿಸುವ ಮಾತಿದು. ಹಾಲಿನವನು ಲೆಕ್ಕದಲ್ಲಿ ಎರಡು ದಿನ ಹೆಚ್ಚು ಬರೆದರೂ, ಮನೆ ಖಾಲಿ ಮಾಡುವಾಗ ಮಾಲೀಕರು ಸುಣ್ಣಬಣ್ಣದ ಹೆಸರು ಹೇಳಿ ಅಡ್ವಾನ್ಸ್ ಹಿಡಿದುಕೊಂಡರೂ ಕೊನೆಗೆ ಬರುವುದು ಇದೇ ಮಾತು. ನಾನೂ ಇದನ್ನು ಕೇಳುತ್ತ ಬೆಳೆದವಳು, ನನ್ನ ಮಗಳಿಗೂ ಹೇಳಿ ಬೆಳೆಸಿದವಳು. ಈ ಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂದು ನನಗೆ ಗೊತ್ತಾದದ್ದು 2023ರ ಬೇಸಿಗೆ ರಜೆಯಲ್ಲಿ, ಇಂಗ್ಲೆಂಡಿನ ರೆಡಿಂಗ್ ಎಂಬ ಊರಿನಲ್ಲಿ. ಬೆಲೆ ಅರವತ್ತು ಪೌಂಡು. ನಮ್ಮ ಹಣದಲ್ಲಿ ಆರು ಸಾವಿರ ರೂಪಾಯಿಗೂ ಮೇಲೆ.

ಮಗಳು, ಅಳಿಯ ಅಲ್ಲಿ ಒಂದು ಬಾಡಿಗೆ ಫ್ಲಾಟಿನಲ್ಲಿದ್ದಾರೆ. ಮೂರನೆಯ ಮಹಡಿ. ವಿಮಾನ ನಿಲ್ದಾಣದಿಂದ ನನ್ನನ್ನು ಕರೆತಂದ ಅಳಿಯಂದಿರು ಕಾರನ್ನು ಕಟ್ಟಡದ ಮುಂಬಾಗಿಲ ಬಳಿ ನಿಲ್ಲಿಸಿದರು. ಹುಳಿಪುಡಿ, ಹಪ್ಪಳ, ಉಪ್ಪಿನಕಾಯಿ ತುಂಬಿದ ಎರಡು ಸೂಟ್‌ಕೇಸುಗಳನ್ನು ಲಿಫ್ಟಿಗೆ ಸೇರಿಸಿ, ನನ್ನನ್ನು ಮೇಲೆ ಬಿಟ್ಟು, ಕೆಳಗೆ ಹೋಗುವುದರೊಳಗೆ ಆದದ್ದು ಹೆಚ್ಚೆಂದರೆ ಆರೇಳು ನಿಮಿಷ. ಅಷ್ಟರಲ್ಲಿ ಯಾರೋ ಬಂದು, ಫೋಟೋ ತೆಗೆದು, ಗಾಜಿಗೆ ಒಂದು ಹಳದಿ ಲಕೋಟೆ ಅಂಟಿಸಿ ಹೋಗಿದ್ದರು. "ಏನಿಲ್ಲ ಅತ್ತೆ, ನೀವು ಮಲಗಿ" ಎಂದರು ಅಳಿಯಂದಿರು. ಆದರೆ ಮರುದಿನ ಅಡುಗೆಮನೆಯ ಶೆಲ್ಫಿನಲ್ಲಿ ಸಕ್ಕರೆ ಡಬ್ಬಿಯ ಹಿಂದೆ ಅಂಥದೇ ಇನ್ನೆರಡು ಲಕೋಟೆಗಳು ನನ್ನ ಕೈಗೆ ಸಿಕ್ಕಿದವು.

ಮಗಳನ್ನು ಕೂರಿಸಿ ಕೇಳಿದೆ. ಆ ಕಟ್ಟಡದ ಕಾರು ಜಾಗವನ್ನು ನೋಡಿಕೊಳ್ಳಲು ಒಂದು ಖಾಸಗಿ ಕಂಪನಿ ಹೊಸದಾಗಿ ಬಂದಿದೆಯಂತೆ. ಎಲ್ಲರೂ ಗಾಜಿನ ಒಳಗೆ ಅನುಮತಿ ಚೀಟಿ ಇಡಬೇಕು. ಇವರದೇ ನಂಬರಿನ ಜಾಗದಲ್ಲಿ ಇವರದೇ ಕಾರು ನಿಂತಿದ್ದಾಗ ಚೀಟಿ ಜಾರಿ ಸೀಟಿನ ಕೆಳಗೆ ಬಿದ್ದಿತ್ತು. ಹಾಗೆ ಎರಡು ಸಲ. ಮೊದಲನೆಯದಕ್ಕೆ ಅರವತ್ತು ಪೌಂಡು ಕಟ್ಟಿಯಾಗಿತ್ತು. "ಇವೆರಡನ್ನೂ ಕಟ್ಟಿಬಿಡ್ತೀವಿ ಅಮ್ಮ. ಪರದೇಶ. ನಾಳೆ ವೀಸಾಕ್ಕೆ ಏನಾದರೂ ತೊಂದರೆಯಾದರೆ? ನಿಂಗೆ ಇಲ್ಲಿದೆಲ್ಲ ಗೊತ್ತಾಗಲ್ಲ" ಎಂದಳು.

ನನಗೆ ಇಂಗ್ಲೆಂಡು ಗೊತ್ತಿಲ್ಲ, ನಿಜ. ಆದರೆ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ಕಾಗದ ಓದುವುದು ಗೊತ್ತು. ಕನ್ನಡಕ ಹಾಕಿಕೊಂಡು ಓದಿದೆ. ಮೇಲೆ ದಪ್ಪಕ್ಷರದಲ್ಲಿ 'ಪಿಸಿಎನ್'. ಅಲ್ಲಿನ ನಗರಸಭೆ ರಸ್ತೆಯಲ್ಲಿ ತಪ್ಪಾಗಿ ನಿಲ್ಲಿಸಿದವರಿಗೆ ಕೊಡುವುದು 'ಪೆನಾಲ್ಟಿ ಚಾರ್ಜ್ ನೋಟಿಸ್'. ಅದು ಕಾನೂನಿನ ದಂಡ. ಖಾಸಗಿ ಕಂಪನಿ ಕೊಡುವುದು 'ಪಾರ್ಕಿಂಗ್ ಚಾರ್ಜ್ ನೋಟಿಸ್'. ಎರಡಕ್ಕೂ ಮೂರಕ್ಷರ ಅವೇ. ನೋಡಲು ಒಂದೇ ಥರ, ಹೆದರಿಸುವುದೂ ಒಂದೇ ಥರ. ಆದರೆ ಎರಡನೆಯದು ದಂಡವೇ ಅಲ್ಲ. "ನಮ್ಮ ಕರಾರನ್ನು ನೀನು ಮುರಿದಿದ್ದೀಯ, ಇಷ್ಟು ಕೊಡಬೇಕಾಗುತ್ತದೆ" ಎಂದು ಒಬ್ಬ ವ್ಯಾಪಾರಿ ಕಳಿಸಿದ ಬಿಲ್ಲು. ಅದು ಅಪರಾಧವಲ್ಲ, ಪೊಲೀಸರಿಗೂ ಅದಕ್ಕೂ ಸಂಬಂಧವಿಲ್ಲ. ನನ್ನ ಮಗಳು ರಾತ್ರಿ ನಿದ್ದೆಗೆಟ್ಟದ್ದು ಒಂದು 'ಪಿ' ಅಕ್ಷರದ ಅರ್ಥ ತಿಳಿಯದೆ!

ಲೆಕ್ಕ ಹೀಗಿದೆ. ನೂರು ಪೌಂಡು ಎಂದು ಬರೆಯುತ್ತಾರೆ, 14 ದಿನದೊಳಗೆ ಕಟ್ಟಿದರೆ ಅರವತ್ತಕ್ಕೆ ಇಳಿಸುತ್ತಾರೆ. ದೀಪಾವಳಿಯ ಸೀರೆ ಅಂಗಡಿಯ ರಿಯಾಯಿತಿ ಇದ್ದ ಹಾಗೆ! ಯೋಚಿಸಲು ಪುರುಸೊತ್ತು ಕೊಡದಿರುವುದೇ ಅದರ ಉಪಾಯ. ಕಟ್ಟಿದಿರೋ, ಮೇಲ್ಮನವಿಯ ಬಾಗಿಲು ಮುಚ್ಚಿದಂತೆ. ಕಟ್ಟದಿದ್ದರೆ ಸಾಲ ವಸೂಲಿಯವರ ಹೆಸರಿನಲ್ಲಿ ಕೆಂಪಕ್ಷರದ ಪತ್ರಗಳು ಬರುತ್ತವೆ, ಮೇಲೆ ಎಪ್ಪತ್ತು ಪೌಂಡು ಸೇರಿಸುವುದೂ ಉಂಟು. ನ್ಯಾಯಾಲಯದ ತೀರ್ಪಿಲ್ಲದೆ ಆ ವಸೂಲಿಯವರು ಮನೆಯ ಒಂದು ಚಮಚವನ್ನೂ ಮುಟ್ಟುವಂತಿಲ್ಲ. ಆ ಸಂಗತಿಯನ್ನು ಮಾತ್ರ ಯಾವ ಪತ್ರವೂ ದಪ್ಪಕ್ಷರದಲ್ಲಿ ಹೇಳುವುದಿಲ್ಲ.

ಕಾರಿನ ಒಡೆಯರ ವಿಳಾಸ ಇವರಿಗೆ ಹೇಗೆ ಸಿಗುತ್ತದೆ? ಅಲ್ಲಿ ವಾಹನ ನೋಂದಣಿ ಮಾಡುವ ಸರಕಾರಿ ಸಂಸ್ಥೆ ಡಿವಿಎಲ್‌ಎ. ಮಾನ್ಯತೆ ಪಡೆದ ಸಂಘದ ಸದಸ್ಯ ಕಂಪನಿಗಳಿಗೆ ಅದು ಒಂದು ವಿಳಾಸಕ್ಕೆ ಎರಡೂವರೆ ಪೌಂಡಿನಂತೆ ಪಡೆದು ಮಾಹಿತಿ ಕೊಡುತ್ತದೆ. ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ವಿಳಾಸಗಳು ಹೀಗೆ ಹೋಗುತ್ತವೆ. ಎರಡೂವರೆ ಪೌಂಡು ಬಿತ್ತಿ ಅರವತ್ತು, ನೂರು ಬೆಳೆಯುವ ಬೇಸಾಯ! ಎಷ್ಟೋ ಕಟ್ಟಡಗಳಲ್ಲಿ ಇಂಥ ಕಂಪನಿಗೆ ಮಾಲೀಕರು ಸಂಬಳವನ್ನೇ ಕೊಡುವುದಿಲ್ಲ, ಚೀಟಿಯಿಂದ ಬಂದದ್ದೇ ಅದರ ಸಂಪಾದನೆ. ಎಲ್ಲರೂ ನೆಟ್ಟಗೆ ನಿಲ್ಲಿಸಿಬಿಟ್ಟರೆ ಕಾವಲುಗಾರನಿಗೆ ಅಂದು ಊಟವಿಲ್ಲ ಎಂದರೆ, ಅವನು ಕಾಯುವುದು ಯಾರಿಗಾಗಿ?

ಇನ್ನೊಂದು ಪಕ್ಷವನ್ನೂ ಹೇಳಬೇಕು. ರೈಲು ನಿಲ್ದಾಣಕ್ಕೆ ಬಂದವರು, ಅಂಗಡಿಗೆ ಬಂದವರು ಬಾಡಿಗೆದಾರರ ಜಾಗದಲ್ಲಿ ದಿನವಿಡೀ ಕಾರು ನಿಲ್ಲಿಸಿ ಹೋಗುವುದುಂಟು. ಅದನ್ನು ತಡೆಯಲೆಂದೇ ಕಂಪನಿ ಬಂದದ್ದು ಎಂದು ಅಳಿಯಂದಿರೂ ಒಪ್ಪಿದರು. ಚೆಮ್ಸ್‌ಫರ್ಡ್ ಊರಿನ ಅಂಗಡಿ ಸಮುಚ್ಚಯವೊಂದರಲ್ಲಿ ಎರಡು ಗಂಟೆಯ ಪುಕ್ಕಟೆ ಅವಧಿಯನ್ನು 56 ನಿಮಿಷ ಮೀರಿದವರಿಗೆ ಹಾಕಿದ 85 ಪೌಂಡು ಸರಿಯೆಂದು ಅಲ್ಲಿನ ಸುಪ್ರೀಂ ಕೋರ್ಟೇ 2015ರ ನವೆಂಬರ್ 4ರಂದು ಹೇಳಿದೆ. ಹಾಗಾಗಿ "ಖಾಸಗಿ ಚೀಟಿ, ಹರಿದು ಬಿಸಾಡಿ" ಎಂದು ಹೇಳುವವರ ಮಾತು ಕೇಳಬಾರದು. ನಾನು ಹೇಳುತ್ತಿರುವುದು ಅದಲ್ಲ. ಅಂಗಡಿಗೆ ಬಂದವರ ವಿಷಯ ಬೇರೆ, ತನ್ನ ಮನೆಯ ಅಂಗಳಕ್ಕೆ ಬಂದವರ ವಿಷಯ ಬೇರೆ. ಕಳ್ಳನನ್ನು ಹಿಡಿಯಲು ನೇಮಿಸಿದ ಕಾವಲುಗಾರ ಮನೆಯವರ ಜೇಬಿಗೇ ಕೈ ಹಾಕಿದರೆ ಸುಮ್ಮನಿರಬೇಕೆ?

"ನಿಮ್ಮ ಬಾಡಿಗೆ ಕರಾರು ಪತ್ರ ತೆಗಿ" ಎಂದೆ. ಮಗಳಿಗೆ ಅದು ಎಲ್ಲಿದೆಯೆಂದೇ ನೆನಪಿಲ್ಲ! ನಮ್ಮೂರುಗಳಲ್ಲಿ ಹನ್ನೊಂದು ತಿಂಗಳ ಕರಾರಿಗೆ ಓದದೆ ರುಜು ಹಾಕುತ್ತೇವಲ್ಲ, ಅದೇ ಸಂಸ್ಕಾರ ಸಮುದ್ರ ದಾಟಿ ಹೋಗಿತ್ತು. ಹುಡುಕಿ ತೆಗೆದು ಓದಿದೆವು. ಫ್ಲಾಟಿನ ಜೊತೆ ಇಂಥ ನಂಬರಿನ ಕಾರು ಜಾಗವನ್ನು ಬಳಸುವ ಹಕ್ಕು ಬಾಡಿಗೆದಾರರದು ಎಂದು ಸ್ಪಷ್ಟವಾಗಿ ಬರೆದಿತ್ತು. ಚೀಟಿ ಅಂಟಿಸಬೇಕೆಂಬ ಷರತ್ತು ಎಲ್ಲಿಯೂ ಇರಲಿಲ್ಲ. ಮಾಲೀಕರೂ ನೀವೂ ಮಾಡಿಕೊಂಡ ಕರಾರನ್ನು ಆಮೇಲೆ ಬಂದ ಮೂರನೆಯವನು ಕಂಬಕ್ಕೊಂದು ಬೋರ್ಡು ಹೊಡೆದು ತಿದ್ದಲು ಹೇಗೆ ಸಾಧ್ಯ? ಬಾಡಿಗೆದಾರರ ಪರವಾಗಿ ಇರುವ ಎಲ್ಲಕ್ಕಿಂತ ಗಟ್ಟಿಯಾದ ವಾದ ಇದೇ.

ನನ್ನ ಸೂಟ್‌ಕೇಸಿಗೆ ಬಿದ್ದ ಚೀಟಿಗೂ ಉತ್ತರ ಸಿಕ್ಕಿತು. 2016ರಲ್ಲಿ ಆಕ್ಸ್‌ಫರ್ಡಿನ ಕೌಂಟಿ ನ್ಯಾಯಾಲಯದ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಫ್ಲಾಟಿನಲ್ಲಿದ್ದ ಮಹಿಳೆಯೊಬ್ಬರು ಪೀಠೋಪಕರಣ ಇಳಿಸಲು ಬಾಗಿಲ ಬಳಿ ಸ್ವಲ್ಪ ಹೊತ್ತು ಕಾರು ನಿಲ್ಲಿಸಿದ್ದರು. ಸಾಮಾನು ಇಳಿಸಲು ನಿಲ್ಲಿಸುವುದು ಪಾರ್ಕಿಂಗ್ ಅಲ್ಲ, ಹಾಗೆ ನಿಂತವರೆಲ್ಲ ಹಣ ತೆರಬೇಕೆಂದರೆ ಫ್ಲಾಟುಗಳಲ್ಲಿ ಬಾಳುವುದೇ ಸಾಧ್ಯವಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟು ನ್ಯಾಯಾಧೀಶರು ಅವರ ಪರ ನಿಂತರು. ಇದು ಬೇರೆ ನ್ಯಾಯಾಲಯಗಳು ಪಾಲಿಸಲೇಬೇಕಾದ ತೀರ್ಪಲ್ಲ, ಆದರೂ ಎತ್ತಿ ತೋರಿಸಬಹುದಾದ ತೀರ್ಪು. ಹೆದರದೆ ಮೇಲ್ಮನವಿಯವರೆಗೆ ಹೋದ ಆ ಹೆಣ್ಣುಮಗಳಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಆ ಭಾನುವಾರ ಊಟದ ಮೇಜಿನ ಮೇಲೆ ಎಲ್ಲವನ್ನೂ ಹರಡಿಕೊಂಡು ಕುಳಿತೆವು. ಕರಾರಿನ ಆ ಪುಟದ ಪ್ರತಿ, ಅನುಮತಿ ಚೀಟಿಯ ಫೋಟೋ, ಕಾರು ಜಾಗದ ನಂಬರು, ಬಾಗಿಲ ಬಳಿ ಇದ್ದ ಬೋರ್ಡಿನ ಫೋಟೋ, ನಾನು ಬಂದ ವಿಮಾನದ ಟಿಕೆಟ್ಟು. ಅಕ್ಷರ ಎಷ್ಟು ಚಿಕ್ಕದೆಂದು ತೋರಿಸಲು ಬೋರ್ಡಿನ ಪಕ್ಕದಲ್ಲಿ ನನ್ನನ್ನೇ ನಿಲ್ಲಿಸಿ ಚಿತ್ರ ತೆಗೆದರು. ಮಗಳು ಮೊದಲು ಬರೆದ ಪತ್ರದಲ್ಲಿ ನಾಲ್ಕು ಸಲ 'ಕ್ಷಮಿಸಿ' ಇತ್ತು. ಕೆಂಪು ಪೆನ್ನು ತೆಗೆದುಕೊಂಡು ನಾಲ್ಕನ್ನೂ ಹೊಡೆದುಹಾಕಿದೆ. "ನೀನು ಕರುಣೆ ಬೇಡುತ್ತಿಲ್ಲ ಪುಟ್ಟಿ, ಕಾರಣ ಕೊಡುತ್ತಿದ್ದೀಯ" ಎಂದೆ. ಯಾವ ದಿನ ಏನಾಯಿತು, ಕರಾರು ಏನು ಹೇಳುತ್ತದೆ, ಆದ್ದರಿಂದ ಚೀಟಿ ಏಕೆ ರದ್ದಾಗಬೇಕು. ಅಷ್ಟೇ. ಬೈಗುಳವಿಲ್ಲ, ಅಳುವಿಲ್ಲ, ಸುಳ್ಳಂತೂ ಇಲ್ಲವೇ ಇಲ್ಲ. ಮನೆ ಮಾಲೀಕರಿಗೂ ಒಂದು ಪತ್ರ ಹೋಯಿತು: ನಿಮ್ಮ ಬಾಡಿಗೆದಾರರನ್ನು ನಿಮ್ಮ ಕಟ್ಟಡದ ಕಂಪನಿಯೇ ಪೀಡಿಸುತ್ತಿದೆ, ಇದನ್ನು ನಿಲ್ಲಿಸಿ ಎಂದು.

ಕಂಪನಿ ಎರಡನ್ನೂ ತಿರಸ್ಕರಿಸಿತು. ನಮ್ಮ ಪತ್ರ ಓದಿದ ಕುರುಹೇ ಉತ್ತರದಲ್ಲಿರಲಿಲ್ಲ. ಇಲ್ಲಿಯೇ ಬಹಳ ಜನ ಕೈಚೆಲ್ಲುವುದು. ಆದರೆ ಇದು ಮೊದಲ ಮೆಟ್ಟಿಲು ಮಾತ್ರ. ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ನಿನ ಸದಸ್ಯ ಕಂಪನಿಯಾದರೆ 'ಪೋಪ್ಲಾ' ಎಂಬ ಸ್ವತಂತ್ರ ಮೇಲ್ಮನವಿ ಸಂಸ್ಥೆಗೆ ಬರೆಯಬಹುದು. ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿಯ ಸದಸ್ಯನಾದರೆ 'ಐಎಎಸ್' ಎಂಬ ಬೇರೆ ಸಂಸ್ಥೆ ಇದೆ. ನಮ್ಮದು ಪೋಪ್ಲಾ. ತಿರಸ್ಕಾರದ ಪತ್ರ ಬಂದ 28 ದಿನದೊಳಗೆ ಬರೆಯಬೇಕು, ಶುಲ್ಕವಿಲ್ಲ. ಅದರ ನಿರ್ಧಾರಕ್ಕೆ ಕಂಪನಿ ಬದ್ಧ, ವಾಹನದವರು ಬದ್ಧರಲ್ಲ. ಅಲ್ಲಿ ಸೋತರೂ ನ್ಯಾಯಾಲಯದಲ್ಲಿ ವಾದಿಸುವ ಹಕ್ಕು ಉಳಿದಿರುತ್ತದೆ. ಅದೇ ಪುರಾವೆಗಳನ್ನು ಅಲ್ಲಿಗೂ ಕಳಿಸಿ ನಾನು ಊರಿಗೆ ಮರಳಿದೆ.

ಜುಲೈ ತಿಂಗಳಲ್ಲಿ ಮಗಳ ಫೋನು ಬಂತು. ನಂಬರಿನ ಜಾಗದ ಚೀಟಿಯನ್ನು ಕಂಪನಿ ತಾನಾಗಿಯೇ ಹಿಂತೆಗೆದುಕೊಂಡಿತ್ತು. ಸೂಟ್‌ಕೇಸಿನ ಚೀಟಿಯನ್ನು ಮೇಲ್ಮನವಿಯಲ್ಲಿ ರದ್ದು ಮಾಡಿದ್ದರು. ಮೊದಲು ಕಟ್ಟಿದ ಅರವತ್ತು ಪೌಂಡು ಮಾತ್ರ ಬರಲಿಲ್ಲ, ಬರುವುದೂ ಇಲ್ಲ. ಅದು ನಾನು ಕಲಿಸಿದ 'ಕಟ್ಟಿಬಿಡು' ಪಾಠದ ಫೀಸು ಎಂದುಕೊಂಡಿದ್ದೇನೆ.

ಇದನ್ನು ಗೆಲುವೆಂದು ಬೀಗಲು ಬರೆಯುತ್ತಿಲ್ಲ. ಮಗಳ ಪಕ್ಕದ ಫ್ಲಾಟಿನಲ್ಲಿ ಕೇರಳದ ನರ್ಸ್ ಹುಡುಗಿಯೊಬ್ಬಳಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆಗಣ್ಣಲ್ಲಿ ಚೀಟಿ ಇಡಲು ಮರೆತು ನಾಲ್ಕು ಸಲ ಅರವತ್ತು ಪೌಂಡು, ಒಟ್ಟು 240 ಪೌಂಡು ಕಟ್ಟಿದ್ದಳು, ತನ್ನದೇ ಜಾಗಕ್ಕೆ! "ಆಂಟಿ, ನಾವು ಬಾಡಿಗೆಯವರು, ಹೊರಗಿನವರು, ನಮಗೇಕೆ?" ಎಂದಳು. ಈ ವ್ಯಾಪಾರ ನಿಂತಿರುವುದೇ ಆ ಮಾತಿನ ಮೇಲೆ. ಕಾನೂನು ಬಲ್ಲವರು ಎದುರು ಬರೆಯುತ್ತಾರೆ, ಹೆದರಿದವರು ಕಟ್ಟುತ್ತಾರೆ. ಹೆದರುವವರಲ್ಲಿ ನಮ್ಮ ಹೆಣ್ಣುಮಕ್ಕಳೇ ಮುಂದೆ ಇರುವುದು ನನಗೆ ಸಂಕಟದ ವಿಷಯ. ನಾವು ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟಿದ್ದೇವೆ. ತಪ್ಪಿಲ್ಲದೆಡೆ ತಪ್ಪೊಪ್ಪಿಕೊಳ್ಳುವುದು ಮರ್ಯಾದೆಯಲ್ಲ, ಇನ್ನೊಬ್ಬರ ಸುಳ್ಳಿಗೆ ಹಾಕಿದ ರುಜು.

ಆಳುವವರು ಸರಿಪಡಿಸುತ್ತಾರೆಂದು ಕಾಯುವುದೂ ಕಷ್ಟ. ಖಾಸಗಿ ಜಾಗದಲ್ಲಿ ಕಾರಿನ ಗಾಲಿಗೆ ಬೀಗ ಹಾಕುವುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರ ಅಕ್ಟೋಬರಿನಿಂದ ನಿಷೇಧಿಸಿದರು. ಅದೇ ಕಾನೂನು ಓಡಿಸಿದವರು ಯಾರೆಂದು ತಿಳಿಯದಿದ್ದರೂ ಕಾರಿನ ಹೆಸರುದಾರರಿಂದ ಹಣ ಕೇಳುವ ಹಕ್ಕನ್ನು ಕೆಲವು ಷರತ್ತುಗಳೊಂದಿಗೆ ಕಂಪನಿಗಳ ಕೈಗಿತ್ತಿತು. ಈ ಕಂಪನಿಗಳಿಗೆ ಸರಕಾರವೇ ನಿಯಮ ಸಂಹಿತೆ ರೂಪಿಸಬೇಕೆಂದು 2019ರಲ್ಲಿ ಕಾಯ್ದೆಯಾಯಿತು. 2022ರ ಫೆಬ್ರವರಿಯಲ್ಲಿ ಸಂಹಿತೆ ಪ್ರಕಟವಾಗಿ, ಕಂಪನಿಗಳು ನ್ಯಾಯಾಲಯಕ್ಕೆ ಹೋದ ಮೇಲೆ ಜೂನ್‌ನಲ್ಲಿ ಹಿಂದೆ ಸರಿಯಿತು. 2024ರಲ್ಲಿ ಕಂಪನಿಗಳ ಸಂಘಗಳೇ ತಮಗೊಂದು ಸಂಹಿತೆ ಬರೆದುಕೊಂಡವು. 2025ರ ಜುಲೈನಲ್ಲಿ ಸರಕಾರ ಮತ್ತೆ ಅಭಿಪ್ರಾಯ ಕೇಳಲು ಹೊರಟಿತು. ಬೇಲಿಯ ಅಳತೆಯನ್ನು ಮೇಯುವವರೇ ನಿರ್ಧರಿಸಿದರೆ ಹೊಲದ ಗತಿಯೇನು?

ನಿಮ್ಮ ಮಗಳೋ ಸೊಸೆಯೋ ಅಲ್ಲಿನ ಬಾಡಿಗೆ ಫ್ಲಾಟಿನಲ್ಲಿದ್ದರೆ ಈ ಮಾತು ಮುಟ್ಟಿಸಿ. ಲಕೋಟೆಯನ್ನು ಸಕ್ಕರೆ ಡಬ್ಬಿಯ ಹಿಂದೆ ಬಚ್ಚಿಡಬೇಡಿ. ನಗರಸಭೆಯದೋ ಖಾಸಗಿಯದೋ ನೋಡಿ. ಕರಾರು ಪತ್ರ ಓದಿ, ಫೋಟೋ ತೆಗೆದಿಡಿ, ಕಾಲಮಿತಿಯೊಳಗೆ ಬರೆಯಿರಿ. ಮುಖ್ಯವಾಗಿ, ನ್ಯಾಯಾಲಯದಿಂದಲೇ ಕಾಗದ ಬಂದರೆ ಒಂದು ದಿನವೂ ತಡಮಾಡದೆ ಉತ್ತರಿಸಿ. ಸುಮ್ಮನಿದ್ದರೆ ತೀರ್ಪು ನಿಮ್ಮ ವಿರುದ್ಧ ಆಗುತ್ತದೆ. ಒಂದು ತಿಂಗಳೊಳಗೆ ಪೂರ್ತಿ ಹಣ ಕಟ್ಟದಿದ್ದರೆ ಅದು ಆರು ವರ್ಷ ದಾಖಲೆಯಲ್ಲಿ ಉಳಿದು ಸಾಲಕ್ಕೂ ಮುಂದಿನ ಬಾಡಿಗೆ ಮನೆಗೂ ಅಡ್ಡಬರುತ್ತದೆ. ತಪ್ಪು ನಮ್ಮದೇ ಆಗಿದ್ದರೆ ಕಟ್ಟೋಣ, ಅದರಲ್ಲಿ ನಾಚಿಕೆಯಿಲ್ಲ. ನಮ್ಮದಲ್ಲದಿದ್ದರೆ ಮೊದಲು ಪೆನ್ನು ತೆಗೆಯೋಣ, ಪರ್ಸು ಆಮೇಲೆ.

ಮೊನ್ನೆ ಮಗಳು ಫೋನಿನಲ್ಲಿ ಹೇಳಿದಳು, ಆ ನರ್ಸ್ ಹುಡುಗಿಗೆ ಐದನೆಯ ಚೀಟಿ ಬಂದಿತ್ತಂತೆ. ಇಬ್ಬರೂ ಕೂತು ಪತ್ರ ಬರೆದರಂತೆ. "ಅಮ್ಮ, ಅವಳ ಪತ್ರದಲ್ಲಿ ಆರು ಸಲ ಕ್ಷಮಿಸಿ ಇತ್ತು" ಎಂದಳು. "ನೀನೇನು ಮಾಡಿದೆ?" ಎಂದೆ.

"ಕೆಂಪು ಪೆನ್ನು ತಗೊಂಡೆ."